ಹತ್ತಿದ್ದು ಮೆಟ್ಟಿಲು, ಇಳಿದದ್ದು ಲಿಫ್ಟು

ನಮ್ಮ ಬಿಲ್ಡಿಂಗಿನ ಲಿಫ್ಟು ಕೈಕೊಟ್ಟ ದಿನ ದಯವಿಟ್ಟು ನಮ್ಮ ಮನೆಗೆ ಬರಬೇಡಿ. ನೀವು ಹದಿನೇಳು ಮಹಡಿ ಹತ್ತಬೇಕಾದೀತು ಎಂಬ ಕಾಳಜಿಯಿಂದ ಹೇಳುತ್ತಿಲ್ಲ. ನಾನು ಇಳಿಯುವುದನ್ನು ನೀವು ನೋಡಿಬಿಟ್ಟೀರಿ ಎಂಬ ಹೆದರಿಕೆಯಿಂದ ಹೇಳುತ್ತಿದ್ದೇನೆ.

ಮೊನ್ನೆ ಹಾಗೇ ಆಯಿತು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಹಳೆಯ ಕಟ್ಟಡದ ಎರಡೂ ಲಿಫ್ಟುಗಳು ಬೆಳಿಗ್ಗೆಯೇ ಮುಷ್ಕರ ಹೂಡಿದವು. ಆಫೀಸಿಗೆ ಹೋಗುವವರು, ಶಾಲೆಯ ಬಸ್ಸಿಗೆ ಓಡುವ ಮಕ್ಕಳು, ಎಲ್ಲರೂ ಗೊಣಗುತ್ತ ದಡದಡನೆ ಮೆಟ್ಟಿಲಿಳಿದು ಹೋದರು. ನಾನು ಮಾತ್ರ ಕಂಬಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಅದನ್ನು ಹಿಡಿದು, ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟು, ಆ ಮೆಟ್ಟಿಲು ಇನ್ನೂ ಅಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ ಇನ್ನೊಂದು ಕಾಲನ್ನು ಕರೆಸಿಕೊಳ್ಳುತ್ತ ಅಡ್ಡಡ್ಡವಾಗಿ ಹೊರಟೆ. ಒಂಬತ್ತನೆಯ ಮಹಡಿಯ ಪುಟ್ಟ ಹುಡುಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಿಂತು ನೋಡಿ, "ಅಂಕಲ್, ವೈ ಆರ್ ಯು ವಾಕಿಂಗ್ ಲೈಕ್ ಎ ಕ್ರ್ಯಾಬ್?" ಎಂದು ಕೇಳಿದಳು. ಮಂಡಿನೋವು ಎಂದೆ. ಮಂಡಿಗೆ ಏನೂ ಆಗಿಲ್ಲ. ನೋವಿರುವುದು ಹಿಮಾಲಯದಲ್ಲಿ.

ನನಗೆ ಎತ್ತರವೆಂದರೆ ಹುಟ್ಟಿದಾರಭ್ಯ ಹೆದರಿಕೆ. ಹಾಗಾದರೆ ಹದಿನೇಳನೆಯ ಮಹಡಿಯಲ್ಲಿ ಏಕಿದ್ದೀರಿ ಎಂದು ನೀವು ಕೇಳುತ್ತೀರಿ. ಅಬುಧಾಬಿಯಲ್ಲಿ ಮನೆಯನ್ನು ನಾವು ಆರಿಸಿಕೊಳ್ಳುವುದಿಲ್ಲ, ಬಾಡಿಗೆ ನಮ್ಮನ್ನು ಆರಿಸಿಕೊಳ್ಳುತ್ತದೆ. ನಮ್ಮ ಮನೆಗೆ ಒಂದು ಬಾಲ್ಕನಿ ಇದೆ ಎಂದು ಕೇಳಿ ಬಲ್ಲೆ. ವಾರಿಜಾ, ಅಂದರೆ ನನ್ನ ಹೆಂಡತಿ, ಅಲ್ಲಿ ಬಟ್ಟೆ ಒಣಗಿಸುವಾಗ ನಾನು ಬಾಗಿಲಿನ ಒಳಗಡೆ ನಿಂತು ಒಂದೊಂದೇ ಕ್ಲಿಪ್ಪು ಕೊಡುತ್ತೇನೆ. ಅಷ್ಟರ ಮಟ್ಟಿಗೆ ನಾನು ಸಹಕಾರಿ ಗಂಡ.

ವಾರಿಜಾ ಹಾಗಲ್ಲ. ಅವಳಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು. ಉಡುಪಿಯ ಹತ್ತಿರದ ಅವಳ ಊರಿನಲ್ಲಿ ಅವಳ ಅಮ್ಮ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಸರತಿಯಲ್ಲಿ ನಿಲ್ಲುವ ಕೆಲಸ ಇವಳದು. ಆ ಬ್ರಾಂಚಿನ ಗೋಡೆಯಲ್ಲಿ, ಹೊಗೆಸೊಪ್ಪಿನ ಘಾಟಿನ ನಡುವೆ, ಹಿಮದ ಬೆಟ್ಟದ ಒಂದು ಕ್ಯಾಲೆಂಡರು ತೂಗುತ್ತಿತ್ತಂತೆ. ವರ್ಷ ಕಳೆದರೂ ಅದನ್ನು ಯಾರೂ ಬದಲಿಸಲಿಲ್ಲವಂತೆ. ಸರತಿ ಮುಂದೆ ಹೋಗುವವರೆಗೆ ಇವಳು ಆ ಬೆಟ್ಟವನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಇದನ್ನು ನನಗೆ ಹೇಳಿದ್ದಳು. ಎಲ್ಲ ಗಂಡಂದಿರ ಹಾಗೆ ನಾನೂ "ಹೋಗುವ, ಹೋಗುವ" ಎಂದಿದ್ದೆ. ಹೊಸ ಗಂಡಂದಿರು ಇಂಥ ಮಾತನ್ನು ಯೋಚಿಸಿ ಆಡಬೇಕು.

ಏಕೆಂದರೆ ಒಂದು ವರ್ಷ ಅವಳು ನಿಜವಾಗಿಯೂ ಹೊರಟಳು. ಗಢವಾಲದ ಕಡೆ ಬೆಟ್ಟದ ತಪ್ಪಲಿನಲ್ಲಿ ಕೆಲವು ದಿನ ನಡೆಯುವುದು, ತೀರ ಎತ್ತರವೇನಲ್ಲ, ಊರು, ಕಾಡು, ಹುಲ್ಲುಗಾವಲು ದಾಟಿ ಬೆಟ್ಟದ ಬೆನ್ನಿನ ಒಂದು ಏಣಿನ ಮೇಲೆ ನಿಂತರೆ ಎದುರಿಗೆ ಹಿಮಶಿಖರಗಳು ಎಂದು ಫೋನಿನ ಗುಂಪಿನಲ್ಲಿ ಯಾರೋ ಹಾಕಿದ ಫೋಟೋ ತೋರಿಸಿದಳು. ಫೋಟೋದಲ್ಲಿದ್ದ ಹೆಂಗಸು ನಮಗಿಂತ ದಪ್ಪವಿದ್ದಳು. ಅಲ್ಲಿಗೆ ನನ್ನ ವಾದ ಬಿದ್ದುಹೋಯಿತು. ಊರಿಗೆ ಫೋನು ಮಾಡಿ, ಈ ಸಲದ ರಜೆ ಹಿಮಾಲಯದಲ್ಲಿ ಎಂದಾಗ ನನ್ನ ಅಕ್ಕ ಅದನ್ನು ಎರಡು ಸಲ ಹೇಳಿಸಿಕೊಂಡಳು. ಗಲ್ಫಿನವರ ರಜೆಯೆಂದರೆ ಅದು ಗಲ್ಫಿನವರದ್ದಲ್ಲ, ಊರಿನ ಮದುವೆ, ಗೃಹಪ್ರವೇಶ, ಭೂತಕೋಲಗಳದ್ದು. ಕೊನೆಗೆ ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ನಿಮಗೆ ಯಾರುಂಟು ಮಾರಾಯ?"

ಮರಳಿನ ಸಪಾಟು ನೆಲದಲ್ಲಿ ಬೆಟ್ಟ ಹತ್ತುವ ಅಭ್ಯಾಸ ಮಾಡುವುದು ಹೇಗೆ? ಅದಕ್ಕೆ ವಾರಿಜಾ ಕಂಡುಕೊಂಡ ಉಪಾಯವೇ ನಮ್ಮ ಬಿಲ್ಡಿಂಗಿನ ಮೆಟ್ಟಿಲು. ನಾನು ಅಲ್ ಮೀನಾ ಬಂದರಿನ ಕಡೆಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಸಂಜೆ ಬಂದವನೇ ಬೂಟು ಬದಲಿಸಬೇಕು. ಅವಳು ಟ್ಯೂಷನ್ನಿನ ಮಕ್ಕಳನ್ನು ಕಳಿಸಿ, ಕುಚ್ಚಲಕ್ಕಿಯ ಚೀಲವನ್ನು ಬ್ಯಾಗಿಗೆ ತುಂಬಿ ನನ್ನ ಬೆನ್ನಿಗೆ ಏರಿಸುತ್ತಿದ್ದಳು. ಕಿಟಕಿಯಿಲ್ಲದ ಆ ಮೆಟ್ಟಿಲು ಒಲೆಯಂತೆ ಕಾದಿರುತ್ತಿತ್ತು. ಮೂರನೆಯ ಮಹಡಿಯಲ್ಲಿ ಒಣಮೀನು, ಆರರಲ್ಲಿ ಬಿರಿಯಾನಿ, ಹನ್ನೊಂದರಲ್ಲಿ ಯಾರೋ ಸುಟ್ಟ ಬೆಳ್ಳುಳ್ಳಿ. ನಾನು ಮಹಡಿಗಳನ್ನು ಮೂಗಿನಿಂದಲೇ ಗುರುತಿಸುವಷ್ಟು ಪಳಗಿದೆ. ಕಟ್ಟಡದ ಕಾವಲಿನ ನಾತೂರ್ ಒಬ್ಬ ಬಂಗಾಳಿ. ಲಿಫ್ಟು ಸರಿಯಿದ್ದರೂ ಬೆವರು ಸುರಿಸುತ್ತ ಅಕ್ಕಿ ಹೊತ್ತು ಹತ್ತುವ ಈ ಗಂಡಹೆಂಡಿರನ್ನು ಕಂಡು ಅವನಿಗೆ ಕನಿಕರವಾಗಿ, ಒಂದು ದಿನ ಲಿಫ್ಟಿನ ಬಟನ್ ಒತ್ತುವುದು ಹೇಗೆಂದು ನನಗೆ ತೋರಿಸಿಕೊಟ್ಟ.

ಹತ್ತಿದ ಮೇಲೆ ಇಳಿಯಬೇಕಲ್ಲ? "ಇಳಿಯುವುದು ಲಿಫ್ಟಿನಲ್ಲಿ. ಮೆಟ್ಟಿಲು ಇಳಿದ್ರೆ ಕಾಲಿನ ಗಂಟು ಹಾಳಾಗ್ತದಂತೆ" ಎಂದು ವಾರಿಜಾ ಎಲ್ಲೋ ಓದಿದ್ದಳು. ನನಗೂ ಅದು ಬಹಳ ವೈಜ್ಞಾನಿಕವಾಗಿ ಕಂಡಿತು. ಹತ್ತುವಾಗ ಮುಂದೆ ಗೋಡೆ ಕಾಣುತ್ತದೆ, ಇಳಿಯುವಾಗ ಕಂಬಿಯಾಚೆಯ ಗುಂಡಿ ಕಾಣುತ್ತದೆ. ಗುಂಡಿ ನೋಡದೆ ಬೆಟ್ಟಕ್ಕೆ ತಯಾರಾಗುವ ವಿಜ್ಞಾನವನ್ನು ಯಾರು ಬೇಡವೆನ್ನುತ್ತಾರೆ? ಹೀಗೆ ತಿಂಗಳುಗಟ್ಟಲೆ ನಾವು ಮೆಟ್ಟಿಲಲ್ಲಿ ಹತ್ತಿ ಲಿಫ್ಟಿನಲ್ಲಿ ಇಳಿದೆವು.

ಚಳಿಗೂ ತಯಾರಿ ನಡೆಯಿತು. ಹೊರಗೆ ರಸ್ತೆಯ ಡಾಮರು ಕರಗುವಾಗ ಒಳಗೆ ಏಸಿಯನ್ನು ತೀರ ಕೆಳಗಿಳಿಸಿ ಇಬ್ಬರೂ ಸ್ವೆಟರು ತೊಟ್ಟು ಕೂತು ಟಿವಿ ನೋಡಿದೆವು. ದುಬೈಗೆ ಬೂಟು ಕೊಳ್ಳಲು ಹೋದಾಗ ಅಲ್ಲಿನ ಮಾಲೊಂದರಲ್ಲಿ ಗಾಜಿನಾಚೆ ಮಾಡಿಟ್ಟ ಹಿಮದ ಇಳಿಜಾರಿನಲ್ಲಿ ಮಕ್ಕಳು ಜಾರುವುದನ್ನು ಕಾಫಿ ಕುಡಿಯುತ್ತ ನೋಡಿದೆ. ಗಾಜಿನ ಈಚೆ ನಿಂತವನೇ ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅದನ್ನು ವಾರಿಜಾಳಿಗೆ ಹೇಳಲಿಲ್ಲ. ಮೀನಾದ ಮಾರ್ಕೆಟ್ಟಿನಿಂದ ಅವಳು ಖರ್ಜೂರದ ಡಬ್ಬಿಗಳನ್ನು ಹೊತ್ತು ತಂದಳು. ಯಾರಿಗೆ ಎಂದರೆ, ಇರಲಿ ಎಂದಳು. ಬ್ಯಾಗಿನಲ್ಲಿ ಜಾಗ ಉಳಿದರೆ ಗಲ್ಫಿನವರಿಗೆ ವಿಮಾನ ಹತ್ತಲು ಮನಸ್ಸು ಬರುವುದಿಲ್ಲ, ಅಷ್ಟೆ.

ನಮ್ಮ ಗೈಡು ಕುಂದನ್ ಮೂವತ್ತರ ಆಸುಪಾಸಿನ ಮಾತುಗಾರ. ಅಬುಧಾಬಿ ಎಂದು ಕೇಳಿದ್ದೇ ತಡ ಫೋನು ತೆಗೆದು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಯಾವುದೋ ಗೋದಾಮಿನಲ್ಲಿ ದುಡಿಯುವ ತನ್ನ ಚಿಕ್ಕಪ್ಪನ ಮಗನ ಫೋಟೋ ತೋರಿಸಿ, ಇವನನ್ನು ನೋಡಿದ್ದೀರಾ ಎಂದ. ನೋಡಿಲ್ಲ ಎಂದಾಗ ನಾವು ನಿಜಕ್ಕೂ ಅಲ್ಲಿಯವರೇ ಎಂದು ಅವನಿಗೆ ಅನುಮಾನ ಬಂತು. ಎಷ್ಟನೆಯ ಮಹಡಿಯಲ್ಲಿದ್ದೀರಿ ಎಂದು ಕೇಳಿದ. ಹೇಳಿದೆ. ಕಡಿದಾದ ಬೆಟ್ಟದ ಅಂಚಿನಲ್ಲಿ ಬೀಡಿ ಸೇದುತ್ತ ನಿಂತಿದ್ದ ಆ ಮನುಷ್ಯ ಹೌಹಾರಿ, "ಅಷ್ಟು ಮೇಲೆ ನಿದ್ದೆ ಹೇಗೆ ಬರ್ತದೆ ಸಾಬ್? ಕೆಳಗೆ ನೆಲವೇ ಇಲ್ಲವಲ್ಲ!" ಎಂದು ಹಿಂದಿಯಲ್ಲಿ ಉದ್ಗರಿಸಿದ. ಅಲ್ಲಿಯವರೆಗೆ ಹೊಳೆದಿರದ ಈ ವಿಚಾರ ಆ ಮೇಲೆ ನನ್ನ ನಿದ್ದೆಯನ್ನೂ ಕೆಡಿಸಿದೆ.

ಮೊದಲ ದಿನ ತಂಗಿದ ಊರಿನಲ್ಲಿ ಕಲ್ಲುಚಪ್ಪಡಿಯ ಮಾಡು, ಕೆತ್ತನೆಯ ಮರದ ಬಾಗಿಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೋಧಿಯ ಗದ್ದೆಗಳು. ಸಂಜೆ ದೇವರನ್ನು ಡೋಲಿಯಲ್ಲಿ ಹೊರಗೆ ತಂದರು. ಡೋಲಿನ ಬಡಿತ ಏರುತ್ತಿದ್ದಂತೆ ಡೋಲಿ ಹೊತ್ತವರು ಅತ್ತಿತ್ತ ತೂಗಾಡಿದರು, ಒಬ್ಬನಿಗೆ ಮೈಮೇಲೆ ಬಂತು. "ನಮ್ಮ ಊರಿನ ಭೂತದ ದರ್ಶನದ ಹಾಗೆಯೇ ಅಲ್ವಾ ಮಾರಾಯ್ರೆ?" ಎಂದು ವಾರಿಜಾ ಕೈಮುಗಿದಳು. ಮೈಮೇಲೆ ಬಂದವನು ನೇರ ನನ್ನೆದುರು ನಿಂತು, ಕಣ್ಣು ಕೆಕ್ಕರಿಸಿ, ಅವರ ಭಾಷೆಯಲ್ಲಿ ಏನೋ ಗುಡುಗಿದ. ಏನಂದರು ಎಂದು ಕುಂದನನ ತೋಳು ಹಿಡಿದು ಕೇಳಿದೆ. "ನಿಮಗಲ್ಲ ಸಾಬ್, ಹಿಂದೆ ನಿಂತವರಿಗೆ. ಅಣ್ಣತಮ್ಮಂದಿರ ಗೋಡೆ ಜಗಳ" ಎಂದ. ಗೋಡೆ ಜಗಳವೆಂದು ತಿಳಿದ ಮೇಲೂ ನನಗೆ ಊಟ ಸೇರಲಿಲ್ಲ.

ಮರುದಿನದಿಂದ ಓಕ್ ಮರಗಳ ಕಾಡು. ನಡುನಡುವೆ ಬುರಾಂಶದ ಮರಗಳು ಕೆಂಪಗೆ ಹೂಬಿಟ್ಟು ದಾರಿಯ ತುಂಬ ಹೂ ಚೆಲ್ಲಿದ್ದವು. ಅದರ ಶರಬತ್ತನ್ನೂ ಯಾರದೋ ಅಂಗಳದಲ್ಲಿ ಕುಡಿದೆವು. ಬದಲಿಗೆ ವಾರಿಜಾ ಒಂದು ಡಬ್ಬಿ ಖರ್ಜೂರ ಕೊಟ್ಟು ನಿರಾಳವಾದಳು. ಇದೆಲ್ಲ ಅವಳು ಹೇಳಿದ್ದು. ನಾನು ಕಂಡದ್ದು ಮುಂದೆ ನಡೆಯುತ್ತಿದ್ದ ಅವಳ ಬೂಟಿನ ಹಿಮ್ಮಡಿಗಳನ್ನು. ಕಣ್ಣು ಸ್ವಲ್ಪ ಆಚೀಚೆ ಹೊರಳಿದರೆ ಬಲಗಡೆ ನೆಲ ಮುಗಿದುಹೋಗಿ ಪೈನ್ ಮರಗಳ ತುದಿಗಳು ನನ್ನ ಕಾಲಿಗಿಂತ ಕೆಳಗೆ ಕಾಣುತ್ತಿದ್ದವು. ಮರದ ತುದಿಯನ್ನು ಮನುಷ್ಯ ಕೆಳಗಿನಿಂದ ನೋಡಬೇಕು, ಅದು ಧರ್ಮ. ಆದರೂ ಹೇಳುತ್ತೇನೆ, ಹತ್ತುವುದರಲ್ಲಿ ನಾವು ಯಾರಿಗೂ ಕಡಿಮೆಯಾಗಲಿಲ್ಲ. ಅಕ್ಕಿಯ ಚೀಲ ಕೆಲಸ ಮಾಡಿತ್ತು. "ಬಹುತ್ ಬಢಿಯಾ ಸಾಬ್" ಎಂದು ಕುಂದನ್ ಹೊಗಳಿದಾಗ ವಾರಿಜಾ ಗಲ್ಫಿನ ಅಭ್ಯಾಸಬಲದಿಂದ "ಯಲ್ಲಾ, ಯಲ್ಲಾ" ಎನ್ನುತ್ತ ಅವನನ್ನೇ ಅವಸರಿಸಿದಳು.

ಏಣಿನ ಮೇಲೆ ಹತ್ತಿ ನಿಂತಾಗ ಎದುರಿಗೆ ಮೋಡವಿರಲಿಲ್ಲ. ವಾರಿಜಾ ಬಾಯಿಗೆ ಕೈಯಿಟ್ಟುಕೊಂಡು ನಿಂತಳು. ನಾನೊಂದು ಕಲ್ಲಿಗೆ ಬೆನ್ನು ಕೊಟ್ಟು ಕೂತು, ಹುಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಓರೆಗಣ್ಣಿನಲ್ಲಿ ನೋಡಿದೆ. ಬೆಳ್ಳಗೆ, ಸಾಲಾಗಿ, ಇಷ್ಟು ಹತ್ತಿರ ಇರಬಾರದಿತ್ತು ಅನಿಸುವಷ್ಟು ಹತ್ತಿರ ಇದ್ದವು. "ಕ್ಯಾಲೆಂಡರಿನಲ್ಲಿ ಇದರ ಅರ್ಧ ಮಾತ್ರ ಇತ್ತು" ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. ನನಗೆ ಸಂತೋಷವಾಯಿತು, ಸುಳ್ಳಲ್ಲ. ಆ ಸಂತೋಷ, ಕುಂದನ್ "ಚಲೇಂ? ನೀಚೆ?" ಎಂದು ಕೆಳಗಿಳಿಯಲು ಕರೆಯುವವರೆಗೆ ಇತ್ತು.

ತಿರುಗಿ ನಿಂತೆ. ಹತ್ತುವಾಗ ಮೂಗಿನೆದುರು ಇದ್ದ ಬೆಟ್ಟ ಈಗ ಬೆನ್ನ ಹಿಂದೆ ಹೋಗಿ, ಮುಂದೆ ಏನೂ ಇರಲಿಲ್ಲ. ಹುಲ್ಲಿನ ಇಳಿಜಾರು ಸ್ವಲ್ಪ ದೂರ ಹೋಗಿ ಬಾಗಿ ಮರೆಯಾಗುತ್ತಿತ್ತು, ಅದರಾಚೆ ಗಾಳಿ ಮಾತ್ರ. ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ಅದೇ ಹೊತ್ತಿಗೆ ನಾಲ್ಕು ಹೆಜ್ಜೆ ಇಳಿದಿದ್ದ ವಾರಿಜಾ "ಅಯ್ಯಮ್ಮಾ" ಎಂದು ಕೂತುಬಿಟ್ಟಳು. ಬಲ ಮಂಡಿ ಇಳಿತದ ಭಾರವನ್ನು ತಡೆಯಲಿಲ್ಲ. ಅದಕ್ಕೆ ಇಳಿಯುವ ಅಭ್ಯಾಸ ಯಾರು ಕೊಟ್ಟಿದ್ದರು? ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ತಿಂಗಳು ಮಾಡಿದ ಪೆದ್ದುತನ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

ಕಣಿವೆಯಿಂದ ಮೋಡ ಮೇಲೇಳುತ್ತಿತ್ತು. ಆಲಿಕಲ್ಲು ಬಿದ್ದೀತು, ಕೆಳಗೆ ಎಮ್ಮೆ ಕಾಯುವವರ ಕಲ್ಲಿನ ಗುಡಿಸಲಿದೆ, ಅಲ್ಲಿಗೆ ಮುಟ್ಟಬೇಕು ಎಂದ ಕುಂದನ್. ಹೆಗಲು ಕೊಟ್ಟು ಇಳಿಸುವುದಾದರೆ ಒಮ್ಮೆಗೆ ಒಬ್ಬರನ್ನು ಮಾತ್ರ. "ಮೊದಲು ಅವಳನ್ನು ಇಳಿಸು" ಎಂದೆ. ವಾರಿಜಾ ನನ್ನತ್ತ ನೋಡಿದ ನೋಟದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ನನ್ನ ಸರದಿ ಆದಷ್ಟು ತಡವಾಗಲಿ ಎಂಬುದಷ್ಟೇ ನನ್ನ ಉದ್ದೇಶವೆಂದು ಹೇಳಲು ಬಾಯಿ ಬರಲಿಲ್ಲ. "ಇಲ್ಲಿಂದ ಅಲ್ಲಾಡಬೇಡಿ ಆಯ್ತಾ? ಹಂದಬೇಡಿ!" ಎಂದಳು. ಅಲ್ಲಾಡುವ ಶಕ್ತಿ ಯಾರಿಗಿತ್ತು? ಅವನ ಹೆಗಲಿಗೆ ಜೋತುಬಿದ್ದು ಅವಳು ಇಳಿಜಾರಿನ ಬಾಗಿನಲ್ಲಿ ಮರೆಯಾದಳು. ಆಮೇಲೆ ಮೋಡ ಬಂದು ಆ ಬಾಗನ್ನೂ ಮುಚ್ಚಿತು.

ಮೋಡದೊಳಗೆ ಕೂತವನಿಗೆ ಎತ್ತರ ಕಾಣುವುದಿಲ್ಲ, ಹಾಗಾಗಿ ಹೆದರಿಕೆ ಕಡಿಮೆಯಾಗುತ್ತದೆ ಎಂದು ನೀವು ಭಾವಿಸಿದ್ದರೆ ನೀವು ಮೋಡದೊಳಗೆ ಕೂತವರಲ್ಲ. ಎತ್ತರ ಎಲ್ಲಿಂದ ಶುರುವಾಗುತ್ತದೆಂದೇ ಗೊತ್ತಾಗುವುದಿಲ್ಲ. ನನ್ನ ಬೂಟಿನ ತುದಿ ಕಾಣುತ್ತಿತ್ತು, ಅದರಾಚೆ ಬಿಳುಪು. ಎಲ್ಲೋ ಒಂದು ಕಲ್ಲು ಉರುಳಿದ ಸದ್ದಾಯಿತು. ಕಿವಿಯಿಟ್ಟು ಕೇಳಿದೆ. ಅದು ನಿಂತ ಸದ್ದು ಬರಲೇ ಇಲ್ಲ. ಉರುಳಿದ್ದು ಕಲ್ಲೇ ಹೌದೇ? "ವಾರಿಜಾ!" ಎಂದು ಕೂಗಿದೆ. ಉತ್ತರವಿಲ್ಲ. ಕುಂದನನ ಹೆಸರು ಹಿಡಿದು ಕೂಗಿದೆ. ಅದಕ್ಕೂ ಇಲ್ಲ. ಆಲಿಕಲ್ಲು ಮೊದಲು ಒಂದೆರಡು, ಆಮೇಲೆ ಟೋಪಿಯ ಮೇಲೆ ಅಕ್ಕಿ ಸುರಿದ ಹಾಗೆ ಬೀಳತೊಡಗಿತು.

ಅಂಥ ಹೊತ್ತಿನಲ್ಲಿ ದೇವರ ನೆನಪಾಗುತ್ತದಂತೆ. ನನಗೆ ವೀಸಾದ ನೆನಪಾಯಿತು. ನಗಬೇಡಿ. ನಮ್ಮಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ನಾವು ಮೊದಲು ಕೇಳುವುದು ಏನಾಗಿತ್ತು ಎಂದಲ್ಲ, ಹೆಂಡತಿ ಯಾರ ವೀಸಾದಲ್ಲಿದ್ದಾರೆ ಎಂದು. ಕಂಪನಿ ನನಗೆ ಜಾಮೀನು, ನಾನು ವಾರಿಜಾಳಿಗೆ ಜಾಮೀನು. ಅವಳ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಕಾಗದದಲ್ಲಿ ನನ್ನ ಹೆಸರಿದೆ. ನಾನು ಇಲ್ಲಿಂದ ಜಾರಿದರೆ ಆ ಹೆಸರೂ ಜಾರುತ್ತದೆ. ಆಮೇಲೆ ಆ ಮನೆಯಲ್ಲಿ ಅವಳು ಎಷ್ಟು ದಿನ ಇರಬಹುದು? ಟ್ಯೂಷನ್ನಿನ ಮಕ್ಕಳಿಗೆ ಏನು ಹೇಳುತ್ತಾಳೆ? ನಮಗೆ ಮಕ್ಕಳಿಲ್ಲ. ಅವಳ ಅಪ್ಪ ಅಮ್ಮ ಹೋಗಿ, ತಮ್ಮ ಆ ಜಾಗವನ್ನು ಮಾರಿ ಆಗಿದೆ. ಮದುವೆಯಾಗಿ ಬಂದಂದಿನಿಂದ ಅವಳು ಬಾಳಿದ್ದೆಲ್ಲ ಆ ಟೂರಿಸ್ಟ್ ಕ್ಲಬ್ಬಿನ ಗಲ್ಲಿಗಳಲ್ಲಿ. ಎಲ್ಲಿಗೆ ಹೋಗುತ್ತಾಳೆ? ಇಷ್ಟು ವರ್ಷ ಎತ್ತರಕ್ಕೆ ಹೆದರಿದ್ದೆನಲ್ಲ, ಇಂಥ ಹೆದರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುಕ್ಷಣ ಇನ್ನೊಂದು ಯೋಚನೆ ಬಂತು. ಉರುಳಿದ್ದು ಕಲ್ಲಲ್ಲದಿದ್ದರೆ? ವೀಸಾ ನನ್ನ ಹತ್ತಿರವೇ ಇರುತ್ತದೆ, ಮನೆಯೂ ಇರುತ್ತದೆ, ಬಾಲ್ಕನಿಯ ಬಾಗಿಲಿನಲ್ಲಿ ನಾನು ಕ್ಲಿಪ್ಪು ಹಿಡಿದು ನಿಂತಿರುತ್ತೇನೆ. ಅಷ್ಟೇ ಸಾಕಾಯಿತು. ಧೈರ್ಯ ಬಂತೆಂದು ತಿಳಿಯಬೇಡಿ. ಒಂದು ಹೆದರಿಕೆ ಇನ್ನೊಂದನ್ನು ಹಿಂದಿನಿಂದ ತಳ್ಳಿತು, ನಾನು ಹೊರಟೆ. ನಿಂತುಕೊಂಡಲ್ಲ. ಅಂಡು ಊರಿಕೊಂಡು.

ಈ ವಿದ್ಯೆ ನನಗೆ ಹೊಸದೇನಲ್ಲ. ಮಳೆಗಾಲದಲ್ಲಿ ನಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ತೋಡಿಗೆ ಒಂದು ಸಂಕ ಹಾಕುತ್ತಿದ್ದರು. ಎರಡು ತೆಂಗಿನ ಮರದ ತುಂಡು, ಅಷ್ಟೇ. ಉಳಿದ ಮಕ್ಕಳು ಅದರ ಮೇಲೆ ಓಡುತ್ತಿದ್ದರು. ನಾನು ಕುದುರೆ ಸವಾರಿಯ ಹಾಗೆ ಕೂತು ಇಂಚಿಂಚೇ ಮುಂದೆ ಸರಿಯುತ್ತಿದ್ದೆ. ನಾನು ದಾಟುವಷ್ಟರಲ್ಲಿ ಶಾಲೆಯ ಗಂಟೆ ಬಾರಿಸುತ್ತಿತ್ತು. ಚಡ್ಡಿಯ ಹಿಂದೆ ಪಾಚಿಯ ಗುರುತು ನೋಡಿ ಮಾಸ್ತರರು ನಾನು ತಡವಾದ ಕಾರಣವನ್ನು ಕೇಳುತ್ತಲೇ ಇರಲಿಲ್ಲ. ಈಗ ಬೆಟ್ಟದಲ್ಲಿ ಹುಲ್ಲು ಒದ್ದೆ, ಆಲಿಕಲ್ಲು ಚಡ್ಡಿಯೊಳಗೆ ಕರಗುತ್ತಿದೆ, ಹಿಮ್ಮಡಿ ಊರುವುದು, ಅಂಗೈ ಊರುವುದು, ಸರಿಯುವುದು. "ವಾರಿಜಾ" ಎಂದು ಪ್ರತಿ ಸಲ ಸರಿಯುವಾಗಲೂ ಕೂಗುತ್ತಿದ್ದೆ. ಅರ್ಧ ದಾರಿಯಲ್ಲಿ ಬಿಳುಪಿನೊಳಗಿಂದ ಕುಂದನ್ ಎದುರಾದ. ನನ್ನ ಭಂಗಿ ನೋಡಿ ನಗಲಿಲ್ಲ. ಅವನ ಮುಖವೂ ಬಿಳಿಚಿಕೊಂಡಿತ್ತು. ಮೇಡಂ ಚೆನ್ನಾಗಿದ್ದಾರೆ, ಆದರೆ ಅಳುತ್ತಿದ್ದಾರೆ ಎಂದು ಹೇಳಿ ನನ್ನ ಸೊಂಟದ ಬೆಲ್ಟು ಹಿಡಿದುಕೊಂಡ.

ಗುಡಿಸಲಿನಲ್ಲಿ ಎಮ್ಮೆ ಕಾಯುವ ಮುದುಕಿ ಬೆಂಕಿಯ ಮುಂದೆ ಚಹಾ ಕಾಸುತ್ತಿದ್ದಳು. ಕಾಲು ಚಾಚಿ ಕೂತಿದ್ದ ವಾರಿಜಾ ನನ್ನನ್ನು ಕಂಡವಳೇ ಬೈಗುಳ ಶುರುಮಾಡಿದಳು. "ನಿಮ್ಗೆ ಎಂತ ಹೇಳಿದ್ದೆ ನಾನು? ಹಂದಬೇಡಿ ಅಂತ ಹೇಳಿದ್ದಾ ಇಲ್ವಾ? ಮಂಡೆ ಸಮ ಉಂಟಾ ನಿಮ್ಗೆ?" ನಾನು ಅವಳ ಪಕ್ಕ ಕೂತೆ. ಮುದುಕಿ ಕೊಟ್ಟ ಚಹಾ ಇಬ್ಬರ ಲೋಟದಿಂದಲೂ ಚೆಲ್ಲಿತು. ಬೈಗುಳ ಮುಗಿದ ಮೇಲೆ ನನ್ನ ಟೋಪಿ ತೆಗೆದು ಅದರಲ್ಲಿದ್ದ ಆಲಿಕಲ್ಲು ಕೊಡವಿದಳು.

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ" ಎಂದಳು ಕೊನೆಗೆ. "ನೀವು ಬರುವವರೆಗೆ ಇಲ್ಲಿ ಕೂತು ಅಳ್ತಾ ಇದ್ದೆ. ಅಳ್ತಾ ಅಳ್ತಾ ಮನಸ್ಸಿಗೆ ಎಂತ ಬಂತು ಗೊತ್ತುಂಟಾ? ನೀವು ಹೋದ್ರೆ ನನ್ನ ವೀಸಾ ಎಷ್ಟು ದಿನ ನಡೀತದೆ ಅಂತ. ಎಂಥ ಹೆಂಗಸು ನಾನು! ಗಂಡ ಅಲ್ಲಿ ಮೋಡದಲ್ಲಿ ಕೂತಿರುವಾಗ..."

ನನಗೆ ನಗು ಬಂತು. ತಡೆಯಲಾಗದ ನಗು. "ನಾನೂ ಅದನ್ನೇ ಯೋಚಿಸಿದೆ ಮಾರಾಯ್ತಿ" ಎಂದೆ. ಅವಳು ನಂಬಲಿಲ್ಲ, ಆಮೇಲೆ ನಂಬಿದಳು, ಆಮೇಲೆ ಅವಳೂ ನಕ್ಕಳು. ಅಳು ಬಂದ ಮುಖದಲ್ಲೇ ನಕ್ಕಳು. ಮುದುಕಿಗೆ ಏನೂ ಅರ್ಥವಾಗದಿದ್ದರೂ ಅವಳೂ ಸೇರಿಕೊಂಡಳು. "ಎಷ್ಟು ದಿನ ಅಂತ ನಿಮ್ಗೆ ಗೊತ್ತುಂಟಾ?" ಎಂದು ವಾರಿಜಾ ಕೇಳಿದಳು. ಗೊತ್ತಿಲ್ಲ ಎಂದೆ. ನಗು ಅಲ್ಲಿಗೆ ನಿಂತಿತು.

ವಾಪಸು ಬಂದು ಕೆಲವು ತಿಂಗಳ ಮೇಲೆ ವೀಸಾ ನವೀಕರಿಸಲು ಇಬ್ಬರೂ ಟೈಪಿಂಗ್ ಸೆಂಟರಿಗೆ ಹೋದೆವು. ಅಲ್ಲಿ ಅರ್ಜಿ ತುಂಬುವವನು ಕಾಸರಗೋಡಿನವನು, ನಮ್ಮ ಭಾಷೆಯವನು. ಇಲ್ಲಿಯ ಕಾನೂನು ಕಟ್ಟಳೆಗಳೆಲ್ಲ ಅವನ ನಾಲಗೆಯ ತುದಿಯಲ್ಲಿ. ಕೆಲಸ ಮುಗಿಸಿ, ಕಾಗದ ನಮ್ಮ ಕೈಗಿತ್ತು, "ಬೇರೆ ಎಂತಾದ್ರೂ ಕೇಳ್ಲಿಕ್ಕುಂಟಾ ಅಣ್ಣಾ?" ಎಂದ. ವಾರಿಜಾ ನನ್ನ ಮುಖ ನೋಡಿದಳು. ಗುಡಿಸಲಿನ ಆ ‘ಎಷ್ಟು ದಿನ’ ಇಬ್ಬರ ನಾಲಗೆಯ ತುದಿಯಲ್ಲೂ ಇತ್ತು.

"ಎಂತ ಇಲ್ಲ" ಎಂದಳು ಅವಳು.

ಹೊರಗೆ ಬಂದು, ಆ ಉತ್ತರ ಹಿಂದಿನಿಂದ ಓಡಿಬಂದೀತೆಂಬಂತೆ, ದಂಡ ಬೀಳುತ್ತದೆಂದು ಗೊತ್ತಿದ್ದೂ, ಸಿಗ್ನಲ್ ಹಸಿರಾಗುವುದನ್ನು ಕಾಯದೆ ಇಬ್ಬರೂ ರಸ್ತೆ ದಾಟಿಬಿಟ್ಟೆವು.